ಹಳದಿ ಚೀಟಿ

ಹೋದ ಭಾನುವಾರ ಅಮ್ಮ ನನ್ನನ್ನು ಅಟ್ಟ ಹತ್ತಿಸಿದಳು. ವಾರವಿಡೀ ಎಸಿ ಕೆಳಗೆ ಕೂತು ಕೀಬೋರ್ಡ್ ಕುಟ್ಟುವ ಮಗನಿಗೆ ಒಂದು ದಿನವಾದರೂ ಮೈ ಬಗ್ಗಿಸುವ ಕೆಲಸ ಇರಬೇಕು ಅನ್ನೋದು ಅವಳ ಸಿದ್ಧಾಂತ. ಅಟ್ಟದಲ್ಲಿ ಟ್ಯಾಂಕರ್ ನೀರು ತುಂಬಿಡುತ್ತಿದ್ದ ಎರಡು ನೀಲಿ ಡ್ರಮ್ಮು, ಅದರ ಹಿಂದೆ ಒಂದು ರಟ್ಟಿನ ಪೆಟ್ಟಿಗೆ. ತಳಕ್ಕೆ ಹಾಸಿದ್ದ ಕಾಗದ ಎತ್ತಿ ನೋಡಿದರೆ... 2015ರ ಪಾಲಿಕೆ ಚುನಾವಣೆಯ ಕರಪತ್ರಗಳು! ಕ್ಲೀನಿಂಗ್ ಅಲ್ಲಿಗೇ ನಿಂತಿತು. ಧೂಳಿನಲ್ಲೇ ಕೂತು ಓದತೊಡಗಿದೆ.

2015ರ ಆಗಸ್ಟ್ 22. ಅದು ನನ್ನ ಮೊದಲ ಓಟು. ಇಂಜಿನಿಯರಿಂಗ್ ಎರಡನೇ ವರ್ಷ, ಜಗತ್ತೆಲ್ಲ ಗೊತ್ತು ಅನ್ನುವ ವಯಸ್ಸು. ನಮ್ಮದು 2007ರಲ್ಲಿ ಬೆಂಗಳೂರಿನ ಹೊಟ್ಟೆಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಹೆಸರಿಗೆ ಮಹಾನಗರ, ನಲ್ಲಿಯಲ್ಲಿ ಮಾತ್ರ ಗಾಳಿ.

ಮೊದಲನೇ ಕರಪತ್ರ ದಪ್ಪ ಹೊಳಪಿನ ಕಾಗದ, ನಾಲ್ಕು ಬಣ್ಣ. ಕೈ ಮುಗಿದು ನಿಂತ ಅಭ್ಯರ್ಥಿ, ಬೆನ್ನ ಹಿಂದೆ ನಾಯಕರ ಸಾಲು. ಒಟ್ಟು ಎಂಟು ಭರವಸೆ: ಮನೆ ಮನೆಗೆ ಕಾವೇರಿ, ಒಳಚರಂಡಿ, 24 ಗಂಟೆ ಕರೆಂಟು, ಹೊಸ ಬಸ್ಸು, ಎಲ್ಲರಿಗೂ ರೇಷನ್ ಕಾರ್ಡು, ಸರ್ಕಲ್ಲಿಗೆ ಸಿಗ್ನಲ್ಲು, ಒಂದು ಪಾರ್ಕು, ಕೊನೆಗೆ 'ಮಾದರಿ ವಾರ್ಡ್'.

ಎರಡನೆಯದು ಅರ್ಧ ಹಾಳೆ. ಹಳದಿ ಬಣ್ಣದ ಅಗ್ಗದ ಕಾಗದ. ಪಕ್ಷೇತರ ಅಭ್ಯರ್ಥಿ. ಇರೋದು ಮೂರೇ ಸಾಲು: ನಮ್ಮ ನಾಲ್ಕು ಕ್ರಾಸುಗಳ ಬಾಯಿ ತೆರೆದ ಚರಂಡಿಗೆ ಕಲ್ಲು ಚಪ್ಪಡಿ ಹಾಕಿಸುತ್ತೇನೆ, ಉರಿಯದ ಬೀದಿದೀಪ ಸರಿ ಮಾಡಿಸುತ್ತೇನೆ, ಕಸದ ಆಟೋ ದಿನಾ ಬೆಳಿಗ್ಗೆ ಬರುವ ಹಾಗೆ ಮಾಡುತ್ತೇನೆ. ಅಷ್ಟೇ.

ಆವತ್ತು ಈ ಹಳದಿ ಚೀಟಿ ನೋಡಿ ನಾನು ನಕ್ಕಿದ್ದು ಚೆನ್ನಾಗಿ ನೆನಪಿದೆ. "ಕುಡಿಯೋಕೆ ನೀರಿಲ್ಲ, ಇವ್ರು ಚಪ್ಪಡಿ ಕಲ್ಲು ಹಾಕಿಸ್ತಾರಂತೆ" ಅಂತ ಅಪ್ಪನ ಮುಂದೆ ಜೋಕು ಬೇರೆ ಮಾಡಿದ್ದೆ. ನನ್ನ ಓಟು ಕಾವೇರಿಗೇ ಬಿತ್ತು. ಅವರೇ ಗೆದ್ದರು ಕೂಡ.

ಈಗ ನನ್ನ ಕಸುಬಿನ ಒಂದು ಚಟ ಹೇಳಬೇಕು. ಆಫೀಸಿನಲ್ಲಿ ಒಂದು ಬಗ್ ಬಂದರೆ ನಾವು ಮೊದಲು ಕೇಳೋದು 'ಹೇಗೆ ಸರಿ ಮಾಡೋದು' ಅಂತ ಅಲ್ಲ, 'ಇದು ಯಾರ ಮಾಡ್ಯೂಲು' ಅಂತ. ನಮ್ಮದಲ್ಲದ ಕೋಡ್ ಮುಟ್ಟಲು ನಮಗೆ ಪರ್ಮಿಶನ್ನೇ ಇರೋದಿಲ್ಲ. ಅದೇ ಚಟದಲ್ಲಿ ಎಂಟು ಭರವಸೆಗಳ ಮುಂದೆ ಪೆನ್ನಿನಲ್ಲಿ ಬರೆಯುತ್ತಾ ಹೋದೆ.

ನೀರು, ಒಳಚರಂಡಿ ಎರಡೂ ಜಲಮಂಡಳಿಯದ್ದು. ಅದು 1964ರಲ್ಲಿ ಹುಟ್ಟಿದ ರಾಜ್ಯ ಸರ್ಕಾರದ ಸಂಸ್ಥೆ. ಕರೆಂಟು ಬೆಸ್ಕಾಂನದ್ದು, ದರ ನಿಗದಿ ಮಾಡೋದು ಇನ್ನೊಂದು ಆಯೋಗ. ಬಸ್ಸು ಬಿಎಂಟಿಸಿಯದ್ದು. ರೇಷನ್ ಕಾರ್ಡು ಆಹಾರ ಇಲಾಖೆಯದ್ದು. ಸಿಗ್ನಲ್ಲು ಸಂಚಾರ ಪೊಲೀಸರದ್ದು. ಉಳಿದದ್ದು ಪಾರ್ಕು, ಅದೊಂದು ಪಾಲಿಕೆಯದ್ದು. 'ಮಾದರಿ ವಾರ್ಡ್' ಯಾವ ಇಲಾಖೆಗೆ ಬರುತ್ತೋ ಆ ದೇವರಿಗೇ ಗೊತ್ತು :-)

ಎಂಟರಲ್ಲಿ ಒಂದು!

ಹಳದಿ ಚೀಟಿಯ ಮುಂದೆಯೂ ಬರೆದೆ. ರಸ್ತೆ ಬದಿ ಚರಂಡಿ ಪಾಲಿಕೆ, ಬೀದಿದೀಪ ಪಾಲಿಕೆ, ಕಸ ಆಗ ಪಾಲಿಕೆ. ಮೂರಕ್ಕೆ ಮೂರು. ಕಸಕ್ಕೆ ಬೇರೆ ಕಂಪನಿ ಹುಟ್ಟಿದ್ದು ಆಮೇಲೆ, 2021ರಲ್ಲಿ.

ಹಾಗಂತ ಪಾಲಿಕೆಗೆ ನೀರಿನ ಸಂಬಂಧವೇ ಇರಬಾರದು ಅಂತಲ್ಲ. 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 12ನೇ ಅನುಸೂಚಿಯಲ್ಲಿ ನಗರಾಡಳಿತದ 18 ವಿಷಯಗಳಿವೆ. ನೀರು ಸರಬರಾಜೂ ಅದರಲ್ಲಿದೆ. ಆದರೆ ಅದನ್ನೆಲ್ಲ ಕೊಡುವುದು ಬಿಡುವುದು ರಾಜ್ಯದ ಕೈಯಲ್ಲಿ. ಕೊಡಲಿಲ್ಲ, ಅಷ್ಟೇ. ಮನೆ ಬಾಗಿಲಿಗೆ ಬರುವವರು ಕಾರ್ಪೊರೇಟರ್, ಬೀಗದ ಕೈ ಇರುವುದು ವಿಧಾನಸೌಧದಲ್ಲಿ.

ಕಾವೇರಿ ನಮ್ಮ ನಲ್ಲಿಗೆ ಕೊನೆಗೆ ಬಂದದ್ದಾದರೂ ಹೇಗೆ? 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲಿ ಬೆಂಗಳೂರಿಗೆ ಅಂತ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಜಪಾನಿನಿಂದ ಸಾಲ ಬಂತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪೈಪ್ ಎಳೆದು, ಪಂಪ್ ಮಾಡಿ ಮೇಲೆತ್ತಿ, 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆ ಆಯಿತು. ದಿನಕ್ಕೆ 77.5 ಕೋಟಿ ಲೀಟರ್, 110 ಹಳ್ಳಿಗಳಿಗಾಗಿ. ಅಷ್ಟರಲ್ಲಿ ನಾನು ಓಟು ಹಾಕಿದ ಕೌನ್ಸಿಲ್ಲಿನ ಅವಧಿ ಮುಗಿದು ನಾಲ್ಕು ವರ್ಷ ಆಗಿತ್ತು! 2020ರ ಸೆಪ್ಟೆಂಬರಿನಲ್ಲಿ ಅದು ಹೋದಮೇಲೆ ಅಧಿಕಾರಿಗಳ ಆಡಳಿತವೇ. 2024ರ ಮಾರ್ಚಿನ ಬರಗಾಲದಲ್ಲಿ ಟ್ಯಾಂಕರ್‌ಗೆ 6,000 ಲೀಟರಿಗೆ 600 ರೂಪಾಯಿ ಅಂತ ದರ ಕಟ್ಟಿದ್ದೂ ಜಿಲ್ಲಾಡಳಿತ. ಇಡೀ ಕಥೆಯಲ್ಲಿ ಕಾರ್ಪೊರೇಟರ್ ಪಾತ್ರ ಎಲ್ಲಿದೆ ಹೇಳಿ?

ಅಪ್ಪ ಇದನ್ನು ಒಪ್ಪುವುದಿಲ್ಲ. "ಅವ್ರು ಒಂದ್ ಫೋನ್ ಮಾಡಿದ್ರೆ ಇಂಜಿನಿಯರ್ ಓಡಿ ಬರ್ತಿದ್ದ ಕಣೋ" ಅನ್ನುತ್ತಾರೆ. ನಿಜ. ಎರಡು ಸಲ ಟ್ಯಾಂಕರ್ ಕಳಿಸಿದ್ದೂ ಉಂಟು. ಆದರೆ ಅದು ದಾಕ್ಷಿಣ್ಯ. ಫೋನ್ ನಂಬರ್ ಇದ್ದವರಿಗೆ ಮೊದಲು, ಇಲ್ಲದವರಿಗೆ ಆಮೇಲೆ.

ಈಗ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. 2017ರ ಮಳೆಗಾಲ ಬೆಂಗಳೂರಿನವರಿಗೆಲ್ಲ ನೆನಪಿರಬೇಕು. ಒಂದು ರಾತ್ರಿ ಎಂಟೂವರೆಗೆ ಅಮ್ಮ ಅಂಗಡಿಯಿಂದ ಮೊಸರು ತರುತ್ತಿದ್ದಳು. ಮೂರನೇ ಕ್ರಾಸಿನ ದೀಪ ಕೆಟ್ಟು ತಿಂಗಳಾಗಿತ್ತು. ರಸ್ತೆ ಯಾವುದು, ಚರಂಡಿ ಯಾವುದು ಗೊತ್ತಾಗದ ಹಾಗೆ ನೀರು ನಿಂತಿತ್ತು. ಕಾಲಿಟ್ಟದ್ದು ಚರಂಡಿಗೆ. ಬಲಗೈ ಮುರಿಯಿತು. ಆರು ವಾರ ಪ್ಲಾಸ್ಟರ್. ಮೂಳೆ ಕೂಡಿಕೊಂಡಿತು, ಶಕ್ತಿ ವಾಪಸ್ ಬರಲಿಲ್ಲ. ಈಗ ನಲ್ಲಿಯಲ್ಲಿ ಕಾವೇರಿ ಬರುತ್ತದೆ. ತುಂಬಿದ ಕೊಡ ಎತ್ತಲು ಅಮ್ಮನಿಗೆ ಆಗುವುದಿಲ್ಲ.

ಯಾರ ತಪ್ಪು ಅಂತ ಹುಡುಕಿಕೊಂಡು ಹೋಗುವುದಿಲ್ಲ. ಹಳದಿ ಚೀಟಿಯವರು ಗೆದ್ದಿದ್ದರೆ ಚಪ್ಪಡಿ ಹಾಕಿಸುತ್ತಿದ್ದರೋ ಇಲ್ಲವೋ, ಅದೂ ಗ್ಯಾರಂಟಿ ಇಲ್ಲ. ಆದರೆ ಹಾಕಿಸದಿದ್ದರೆ "ಯಾಕ್ರೀ ಹಾಕಿಸಲಿಲ್ಲ" ಅಂತ ಅವರ ಮನೆ ಮುಂದೆ ನಿಂತು ಕೇಳಬಹುದಿತ್ತು. ಕಾವೇರಿಯವರನ್ನು ಕೇಳಿದರೆ "ಮಂಡಳಿಗೆ ಬರ್ದಿದೀನಿ" ಅಂದುಬಿಟ್ಟರೆ ಮುಗಿಯಿತು. ಪೂರೈಸಲು ಆಗದ ಭರವಸೆಯ ಅನುಕೂಲವೇ ಅದು. ಯಾರೂ ಲೆಕ್ಕ ಕೇಳುವ ಹಾಗಿಲ್ಲ.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಯಾಯಿತು. ಅವುಗಳ ಮೇಲೊಂದು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಪಾಲಿಕೆಯ ಹೆಸರು ಏನೇ ಆಗಲಿ, ಇನ್ನು ಮುಂದೆ ಓಟು ಕೇಳಲು ಬರುವವರಿಗೆ ನನ್ನ ಪ್ರಶ್ನೆ ಮೂರೇ. ಇದು ನಿಮ್ಮ ಕೈಯಲ್ಲಿರುವ ಕೆಲಸವಾ? ಪಾಲಿಕೆಯ ದುಡ್ಡಲ್ಲೇ ಆಗುತ್ತಾ? ಒಂದು ವರ್ಷ ಆದಮೇಲೆ ಆಯ್ತೋ ಇಲ್ಲವೋ ಅಂತ ನಾವು ಕಣ್ಣಾರೆ ನೋಡಬಹುದಾ? ಕಾವೇರಿ, ಕರೆಂಟು, ಬಸ್ಸಿನ ಪ್ರಶ್ನೆ ಬಿಡುವುದಿಲ್ಲ. ಅದನ್ನು ವಿಧಾನಸಭೆ ಚುನಾವಣೆಗೆ ಎತ್ತಿಟ್ಟುಕೊಂಡಿದ್ದೇನೆ.

ಕೆಳಗಿಳಿದು ಅಮ್ಮನಿಗೆ ಎರಡೂ ಕಾಗದ ತೋರಿಸಿದೆ. ನನ್ನ ಪೆನ್ನಿನ ಸಂಶೋಧನೆಯನ್ನೆಲ್ಲ ಹೆಮ್ಮೆಯಿಂದ ವಿವರಿಸಿದೆ. ಅವಳು ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡಳು.

"ಅದ್ರಲ್ಲೇನೋ ಅಷ್ಟೊಂದು ಕಂಡುಹಿಡಿಯೋದು? ಆವತ್ತೇ ಗೊತ್ತಿತ್ತು. ಆ ಹಳದಿ ಚೀಟಿಯವ್ರು ಬಂದಾಗ ನಮ್ ಚರಂಡಿ ಹತ್ರ ಬಗ್ಗಿ ನೋಡಿದ್ರು. ಇನ್ನೊಬ್ರು ಗಾಡಿಯಿಂದಾನೇ ಇಳೀಲಿಲ್ಲ. ನಾನು ಅವ್ರಿಗೇ ಹಾಕಿದ್ದು."

"ಮತ್ತೆ ಆವತ್ತು ಹೇಳಲಿಲ್ಲ?"

"ನೀನು ಇಂಜಿನಿಯರ್ ಓದ್ತಿದ್ದೆ. ಜೋಕ್ ಬೇರೆ ಮಾಡ್ತಿದ್ದೆ. ಯಾಕೆ ಸುಮ್ನೆ ಅಂತ..."

ನನಗೆ ಮಾತು ಹೊರಡಲಿಲ್ಲ. ಮತ್ತೆ ಅಟ್ಟ ಹತ್ತಿದೆ, ಎರಡು ಡ್ರಮ್ಮನ್ನೂ ಒರೆಸಿಟ್ಟು ಬಂದೆ. ಹಳದಿ ಚೀಟಿ ಮಾತ್ರ ಈಗ ನನ್ನ ಪರ್ಸಿನಲ್ಲಿದೆ.