ಒಂದು ಸಾಲನ್ನೂ ನೋಡದೆ ಪಾಸಾದ ಟೆಸ್ಟ್

ಸಂಕೇಶ್ವರದ ಪೇಟೆಗೆ ಮೆಣಸಿನಕಾಯಿ ಹಂಗಾಮಿನಲ್ಲಿ ಹುಕ್ಕೇರಿ ಕಡೆಯವರಷ್ಟೇ ಅಲ್ಲ, ಗಡಿಯಾಚೆಯ ಗಡಹಿಂಗ್ಲಜ ಸೀಮೆಯ ರೈತರೂ ಚೀಲ ಹೇರಿಕೊಂಡು ಬರುತ್ತಾರೆ. ಅಲ್ಲಿಯ ಒಂದು ಅಡತಿ ಅಂಗಡಿಗೆ ನಾನು ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ತೂಕ, ದರ, ಚೀಲದ ಸಂಖ್ಯೆ ಹಾಕಿದರೆ ಹಮಾಲಿ ಮುರಿದುಕೊಂಡು, ರೈತನ ಕೈಗೆ ಕೊಡುವ ಪಟ್ಟಿ ಅಚ್ಚಾಗಿ ಬರಬೇಕು. ಯೂನಿಟ್ ಟೆಸ್ಟುಗಳನ್ನೂ ಬರೆದಿದ್ದೆ. ಎಲ್ಲವೂ ಹಸಿರು.

ತಪ್ಪು ಕಂಡುಹಿಡಿದದ್ದು ಒಬ್ಬ ಮುದುಕ ರೈತ. ಕಾಗದವನ್ನು ಬೆಳಕಿಗೆ ಹಿಡಿದು ಮನಸ್ಸಿನಲ್ಲೇ ಕೂಡಿಸಿ ಕಳೆದು, “ಹಮಾಲಿ ಎರಡ ಸಲಾ ಮುರಕೊಂಡಿಯಲ್ಲೋ ತಮ್ಮಾ” ಅಂದ. ಹೌದು, ಎರಡು ಸಲ. ನಮೂದಿನ ಹಂತದಲ್ಲಿ ಒಮ್ಮೆ, ಒಟ್ಟು ಮಾಡುವಾಗ ಇನ್ನೊಮ್ಮೆ. ಅವನಿಗಿಂತ ಮುಂಚೆ ಪಟ್ಟಿ ಪಡೆದವರು ಕೊಟ್ಟಷ್ಟು ಎಣಿಸಿಕೊಂಡು ಊರಿಗೆ ಹೋಗಿಯಾಗಿತ್ತು. ನನ್ನ ತಪ್ಪಿನ ಹಣ ಅವರ ಜೇಬಿನಿಂದ ಹೋಗಿತ್ತು ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಈ ಲೆಕ್ಕಕ್ಕೇ ಒಂದು ಟೆಸ್ಟ್ ಇತ್ತಲ್ಲ, ಅದು ಹೇಗೆ ಪಾಸಾಯಿತು? ಟೆಸ್ಟ್ ಮೊದಲು ದಿನದ ನಮೂದುಗಳಿಂದ ‘ಸಂಕೇಶ್ವರಿ’ ತಳಿಯ ಸಾಲುಗಳನ್ನು ಆರಿಸುತ್ತಿತ್ತು. ಆಮೇಲೆ ಲೂಪ್ ಹಾಕಿ, ಪ್ರತಿ ಸಾಲಿನ ನಿವ್ವಳ ಮೊತ್ತ ಸರಿಯಿದೆಯೇ ಎಂದು ನೋಡುತ್ತಿತ್ತು. ಆರಿಸಿದ ಸಾಲುಗಳ ಪಟ್ಟಿಯೇ ಖಾಲಿಯಾಗಿತ್ತು. ಲೂಪ್ ಒಮ್ಮೆಯೂ ತಿರುಗಲಿಲ್ಲ, ಒಂದು ಅಸರ್ಟೂ ನಡೆಯಲಿಲ್ಲ. ಯಾವ ಅಸರ್ಟೂ ಸೋಲದೆ, ಎಕ್ಸೆಪ್ಶನ್ನೂ ಬರದೆ ಮುಗಿದರೆ ಜೆಯೂನಿಟ್ ಆ ಟೆಸ್ಟನ್ನು ಪಾಸ್ ಎಂದೇ ಬರೆದುಕೊಳ್ಳುತ್ತದೆ.

ಲೂಪ್ ಬಿಟ್ಟು ಬೇರೆ ರೀತಿ ಬರೆದಿದ್ದರೂ ತಪ್ಪು ಸಿಗುತ್ತಿರಲಿಲ್ಲ. ಜಾವಾದ ಆಲ್‌ಮ್ಯಾಚ್, ಪೈಥಾನಿನ ಆಲ್, ಅಸರ್ಟ್‌ಜೆಯ ಆಲ್‌ಸ್ಯಾಟಿಸ್ಫೈ ಎಲ್ಲವೂ ಖಾಲಿ ಪಟ್ಟಿಗೆ ‘ಸರಿ’ ಎಂದೇ ಉತ್ತರಿಸುತ್ತವೆ. ತರ್ಕಶಾಸ್ತ್ರದ ಪ್ರಕಾರ ಅದು ನ್ಯಾಯವೇ: ‘ಎಲ್ಲ ಸಾಲೂ ಸರಿಯಿವೆ’ ಎಂಬ ಮಾತು ಸುಳ್ಳಾಗಬೇಕಾದರೆ ತಪ್ಪಿರುವ ಸಾಲು ಒಂದಾದರೂ ಇರಬೇಕು.

ಪಟ್ಟಿ ಖಾಲಿಯಾದ ಕಾರಣ ತಳಿಯ ಹೆಸರಿನಲ್ಲೇ ಅಡಗಿತ್ತು. ‘ಕೇ’ ಅಕ್ಷರದ ಏತ್ವವನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಇಡಬಹುದು: ಇಡಿಯಾಗಿ ಒಂದೇ ಚಿಹ್ನೆಯಾಗಿ, ಇಲ್ಲವೆ ಎತ್ವ ಬೇರೆ, ದೀರ್ಘದ ಗುರುತು ಬೇರೆ ಎಂದು ಎರಡು ಚಿಹ್ನೆಗಳಾಗಿ. ಪರದೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಜಾವಾದ ಈಕ್ವಲ್ಸ್‌ಗೆ ಅವು ಬೇರೆ ಬೇರೆ ಪದ. ಟೆಸ್ಟಿಗೆ ನಾನು ಬಳಸಿದ್ದು ಹಳೆಯ ಫಾಂಟಿನಿಂದ ಪರಿವರ್ತಿಸಿದ ಕಡತ. ಅದರಲ್ಲಿ ಎರಡು ಚಿಹ್ನೆಗಳಿದ್ದವು. ಹೋಲಿಕೆಗೆ ಕೋಡಿನಲ್ಲಿದ್ದ ಹೆಸರಿನಲ್ಲೂ ಅಂಗಡಿಯಲ್ಲಿ ಕೀಲಿಮಣೆಯಿಂದ ಹೊಡೆದ ಹೆಸರಿನಲ್ಲೂ ಒಂದೇ ಚಿಹ್ನೆ. ಹೀಗಾಗಿ ಟೆಸ್ಟಿನಲ್ಲಿ ಯಾವ ಸಾಲೂ ಸಿಗಲಿಲ್ಲ, ಪೇಟೆಯ ದಿನ ಎಲ್ಲ ಸಾಲೂ ಸಿಕ್ಕವು. ಆ ಲೆಕ್ಕ ಮೊದಲ ಬಾರಿಗೆ ಓಡಿದ್ದು ನಿಜವಾದ ರೈತರ ನಿಜವಾದ ಹಣದ ಮೇಲೆ.

ಅಡತಿಯವರಿಗೆ ಎಲ್ಲವನ್ನೂ ಹೇಳಿದೆ. ರೈತರಿಗೆ ಕೊಟ್ಟ ಪಟ್ಟಿಗಳನ್ನೆಲ್ಲ ತೆಗೆದು ಲೆಕ್ಕ ತಿದ್ದಿದೆವು, ಹೆಚ್ಚಿಗೆ ಮುರಿದ ಹಣ ಮರಳಿಸಿದೆವು. ಗಡಿಯಾಚೆಯ ಕೆಲವರಿಗೆ ಅವರ ಊರಿನವರ ಕೈಯಲ್ಲಿ ಕಳಿಸಬೇಕಾಯಿತು.

ಕೋಡಿನಲ್ಲಿ, ತಳಿಯ ಹೆಸರುಗಳನ್ನು ಹೋಲಿಸುವ ಮುನ್ನ, ಎರಡು ಚಿಹ್ನೆಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತರುವ ಒಂದು ಸಾಲು ಸೇರಿಸಿದೆ. ಟೆಸ್ಟಿನಲ್ಲಿ ಲೂಪಿನ ಮೊದಲೇ ಪಟ್ಟಿಯ ಗಾತ್ರ ಕೇಳುತ್ತೇನೆ. ‘ಖಾಲಿಯಿಲ್ಲ’ ಎಂದಷ್ಟೇ ಕೇಳುವುದು ನನಗೆ ಸಾಲದು. ಕಡತದಲ್ಲಿ ಸಂಕೇಶ್ವರಿಯ ನಾಲ್ಕು ಸಾಲು ಇಟ್ಟಿದ್ದರೆ ನಾಲ್ಕೇ ಬರಬೇಕು. ಮೂರು ಬಂದರೂ ಟೆಸ್ಟ್ ಸೋಲಬೇಕು. ಹೊಸ ಟೆಸ್ಟ್ ಬರೆದ ಮೇಲೆ ಲೆಕ್ಕವನ್ನು ಬೇಕೆಂದೇ ಕೆಡಿಸಿ, ಅದು ಕೆಂಪಾಗುತ್ತದೆಯೇ ಎಂದೂ ನೋಡುತ್ತೇನೆ.

ಪಟ್ಟಿ ಖಾಲಿಯಿರುವುದೇ ಸರಿಯಾದ ದಿನವೂ ಉಂಟು. ಪೇಟೆಗೆ ರಜೆಯಿದ್ದರೆ ಒಂದು ಸಾಲೂ ಬರಬಾರದು. ಅದಕ್ಕೆ ಪ್ರತ್ಯೇಕ ಟೆಸ್ಟ್ ಇಟ್ಟಿದ್ದೇನೆ. ಅಲ್ಲಿ ಅಸರ್ಟ್‌ಟ್ರೂ ಒಳಗೆ ಈಸ್‌ಎಂಪ್ಟಿ ಬರೆದರೆ, ಸೋತಾಗ ‘ಟ್ರೂ ಬೇಕಿತ್ತು, ಫಾಲ್ಸ್ ಬಂತು’ ಎಂಬಷ್ಟೇ ಗೊತ್ತಾಗುತ್ತದೆ. ಅಸರ್ಟ್‌ಜೆಯ ಈಸ್‌ಎಂಪ್ಟಿ ಬಳಸಿದರೆ ಒಳಗೆ ಉಳಿದ ಸಾಲುಗಳನ್ನೇ ತೋರಿಸುತ್ತದೆ, ಯಾರ ಚೀಲ ಎಲ್ಲಿಂದ ಬಂತೆಂದು ಆಗಲೇ ತಿಳಿಯುತ್ತದೆ. ಈಸ್‌ನಲ್‌ಆರ್‌ಎಂಪ್ಟಿಯನ್ನು ಮಾತ್ರ ನಾನು ಮುಟ್ಟುವುದಿಲ್ಲ. ಪಟ್ಟಿಯಲ್ಲಿ ಏನೂ ಇಲ್ಲದಿರುವುದಕ್ಕೂ ಪಟ್ಟಿಯೇ ತಯಾರಾಗದಿರುವುದಕ್ಕೂ ಅದು ಒಂದೇ ಉತ್ತರ ಕೊಡುತ್ತದೆ.