ಮಂಡಿ ಲೆಕ್ಕಕ್ಕೆ ಜಾವಾ

ಶಿರಸಿ, 10 ಜೂನ್ 2024, ಸೋಮವಾರ

ಅಡಿಕೆ ಮಂಡಿಯ ಲೆಕ್ಕದ ತಂತ್ರಾಂಶದ ಕೆಲಸ ಒಪ್ಪಿಕೊಂಡಾಯಿತು. ಬ್ರೌಸರಿನಲ್ಲಿ ಓಡುವಂತೆ ಮಾಡಿಕೊಡಲೇ ಎಂದರೆ ಯಜಮಾನರು ಹೊರಗಿನ ಮಳೆಯತ್ತ ಕೈ ತೋರಿಸಿದರು: "ನೆಟ್ ಹೋದ ದಿನ ರೈತರಿಗೆ ಪಟ್ಟಿ ಕೈಯಲ್ಲಿ ಬರ್ದು ಕೊಡೂದಾ?" ಸರಿ, ವಿಂಡೋಸ್ 10ರ ಹಳೇ ಕಂಪ್ಯೂಟರಿನಲ್ಲೇ ಕೂರಬೇಕು. ತೂಕ, ದರ, ದಲಾಲಿ ಲೆಕ್ಕದ ಭಾಗ ನನ್ನ ಹತ್ತಿರ ಜಾವಾದಲ್ಲಿ ಸಿದ್ಧವಿದೆ. ಸಿ ಶಾರ್ಪ್‌ನಲ್ಲಿ ಮತ್ತೆ ಬರೆಯುವ ಉಮೇದಿಲ್ಲ.

12 ಜೂನ್, ಬುಧವಾರ

ಪರದೆ ಜೋಡಿಸುವ ಡಿಸೈನರುಗಳಲ್ಲಿ ನೆಟ್‌ಬೀನ್ಸ್‌ನ ಮ್ಯಾಟಿಸ್ ಈಗಲೂ ಸಲೀಸು. ಬಟನ್ ಎಳೆದು ತಂದು ಬಿಟ್ಟರೆ ಪಕ್ಕದ್ದರ ಸಾಲಿಗೆ ತಾನೇ ಕೂರುತ್ತದೆ. ಆದರೆ ಅದು ಬರೆದ ಕೋಡನ್ನು ನಾವು ಮುಟ್ಟುವಂತಿಲ್ಲ, ಬೂದುಬಣ್ಣದ ಪಟ್ಟಿಯೊಳಗೆ ಬೀಗ. ಎಕ್ಲಿಪ್ಸ್‌ನ ವಿಂಡೋಬಿಲ್ಡರ್‌ಗೆ ಈ ಮಡಿ ಇಲ್ಲ. ಕೈಯಾರೆ ಬರೆದ ಕೋಡನ್ನೂ ಓದಿ ಪರದೆ ತೋರಿಸುತ್ತದೆ. ಇಂಟೆಲ್ಲಿಜೆಯಲ್ಲಿ ಕೋಡ್ ಬರೆಯುವ ಸುಖವೇ ಬೇರೆ. ಅದರ ಡಿಸೈನರ್ ಮಾತ್ರ, ಸೆಟ್ಟಿಂಗ್ ಬದಲಿಸದಿದ್ದರೆ, ಪರದೆಯ ಕೋಡನ್ನು ನೇರ ಕ್ಲಾಸ್ ಕಡತಕ್ಕೆ ತುರುಕುತ್ತದೆ. ಹೊರಗಿನಿಂದ ಮೇವನ್‌ನಲ್ಲಿ ಬಿಲ್ಡ್ ಮಾಡಿದರೆ ಅದು ಸಿಗುವುದಿಲ್ಲ.

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ? ಇರುವುದು ನಾಲ್ಕಾರು ಪರದೆ.

15 ಜೂನ್, ಶನಿವಾರ

ಪರದೆಯ ಲೈಬ್ರರಿಗಳಲ್ಲಿ ಜಾವಾಎಫ್‌ಎಕ್ಸ್ ನೋಡಲು ಚೆಂದ, ಅದರ ಡಿಸೈನರ್ ಸೀನ್ ಬಿಲ್ಡರ್ ಕೂಡ ಚೊಕ್ಕ. ಜಾವಾ 8ರ ಜೊತೆಗೇ ಬರುತ್ತಿದ್ದದ್ದನ್ನು 2018ರಲ್ಲಿ, ಜಾವಾ 11ರಿಂದ, ಹೊರಗಿಟ್ಟರು. ಈಗ ಅದನ್ನು ಬೇರೆಯಾಗಿ ಕಟ್ಟಿಕೊಂಡು ಹೋಗಬೇಕು. ಎಸ್‌ಡಬ್ಲ್ಯುಟಿ ವಿಂಡೋಸಿನ ಸ್ವಂತ ಬಟನ್, ಸ್ವಂತ ಪಟ್ಟಿಗಳನ್ನೇ ಬಳಸುತ್ತದೆ, ನಿಜ. ಆದರೆ ನಾವೇ ಮಾಡಿಕೊಂಡ ಫಾಂಟನ್ನು ನಾವೇ ವಿಲೇವಾರಿ ಮಾಡಬೇಕು. 1998ರ ಸ್ವಿಂಗ್ ಮುದುಕ, ಆದರೂ ಜೆಡಿಕೆಯೊಳಗೇ ಇದ್ದಾನೆ. ಮುಖಕ್ಕೆ ಫ್ಲ್ಯಾಟ್‌ಲಾಫ್ ಥೀಮ್ ಬಳಿದರೆ ವಯಸ್ಸು ಕಾಣದು.

ಸ್ವಿಂಗ್ ಎಂದೇ ನಿರ್ಧಾರ.

19 ಜೂನ್, ಬುಧವಾರ

ಇವತ್ತು ಕನ್ನಡದ ಪರೀಕ್ಷೆ. ನಿರ್ಮಲಾ ಯುಐ ಫಾಂಟ್ ಕೊಟ್ಟು ಲಕ್ಷ್ಮೀನಾರಾಯಣ ಎಂದು ಟೈಪ್ ಮಾಡಿದೆ. ಕ್ಷ, ಅದರಡಿಯ ಮಕಾರ, ದೀರ್ಘ, ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಜಾವಾ 9ರಿಂದ ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಜ್‌ನದು. ನಂತರ ಕಡತಕ್ಕೆ ಉಳಿಸಿ ನೋಡಿದೆ. ಅದೇ ಕೋಡ್ ಜಾವಾ 8ರಲ್ಲಿ ಓಡಿಸಿದರೆ ರೈತರ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. 21ರಲ್ಲಿ ಹೆಸರು ಹೆಸರಾಗಿಯೇ ಇದೆ. ಯಾವ ಸಂಕೇತದಲ್ಲಿ ಬರೆಯಬೇಕೆಂದು ಕೋಡಿನಲ್ಲಿ ಹೇಳದಿದ್ದರೆ ಹಳೇ ಜಾವಾ ವಿಂಡೋಸಿನ ಇಂಗ್ಲಿಷ್ ಅಕ್ಷರಪಟ್ಟಿಯನ್ನು ಹಿಡಿಯುತ್ತಿತ್ತು. 18ರಿಂದ ಎಲ್ಲೆಡೆ ಯುಟಿಎಫ್-8. ಡಿಸೈನರುಗಳ ಜಗಳಕ್ಕಿಂತ ನನಗೆ ಇದು ದೊಡ್ಡದು.

23 ಜೂನ್, ಭಾನುವಾರ

ಮಂಡಿಯ ಕಂಪ್ಯೂಟರಿನಲ್ಲಿ ಜಾವಾ ಇಲ್ಲ, ಹಾಕಿಸಿಕೊಳ್ಳಿ ಎಂದು ಹೇಳುವುದೂ ಸರಿಯಲ್ಲ. ಜೆಪ್ಯಾಕೇಜ್ ಇರುವುದೇ ಇದಕ್ಕೆ: ಬೇಕಾದಷ್ಟೇ ಜಾವಾವನ್ನು ಒಳಗಿಟ್ಟು ಎಂಎಸ್‌ಐ ಮಾಡಿಕೊಡುತ್ತದೆ, ಜಾವಾ 16ರಿಂದ ಅಧಿಕೃತವಾಗಿ. ಅದಕ್ಕೆ ವಿಕ್ಸ್ ಎಂಬ ಉಪಕರಣ ಬೇಕು, ಜಾವಾ 21ರಲ್ಲಿ ಅದರ 3ನೇ ಆವೃತ್ತಿಯೇ. 4 ಹಾಕಿಕೊಂಡರೆ 3ರ ಭಾಗಗಳಾದ ಕ್ಯಾಂಡಲ್, ಲೈಟ್ ಸಿಗುತ್ತಿಲ್ಲ ಎಂದು ನಿಂತುಬಿಡುತ್ತದೆ. ಆಯಾ ಬಳಕೆದಾರರ ಖಾತೆಗಷ್ಟೇ ಇನ್‌ಸ್ಟಾಲ್ ಆಗುವ ಆಯ್ಕೆ ಕೊಟ್ಟೆ, ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲವಂತೆ. ಆವೃತ್ತಿ ಬದಲಾದರೂ ಅಪ್‌ಗ್ರೇಡ್ ಗುರುತು ಒಂದೇ ಇರಲಿ ಎಂದು ಅದನ್ನೂ ಬರೆದಿಟ್ಟೆ.

26 ಜೂನ್, ಬುಧವಾರ

ಮಂಡಿಗೆ ಒಯ್ದು ಹಾಕಿದೆ. ಗುಮಾಸ್ತರು ಬಣ್ಣ, ಬಟನ್ ಯಾವುದನ್ನೂ ನೋಡಲಿಲ್ಲ. ರಾಶಿ, ಚಾಲಿ ಅಡಿಕೆಯ ದರ ಹೊಡೆದು ಎಂಟರ್ ಒತ್ತಿದರು. ಕರ್ಸರ್ ಅಲ್ಲೇ.

"ಟ್ಯಾಲಿಯಲ್ಲಿ ಎಂಟರ್ ಹೊಡದ್ರೆ ಮುಂದಿನ ಮನೆಗೆ ಹೋಗ್ತದಲ್ಲ ಮಾರಾಯ್ರೇ!"

ಸ್ವಿಂಗ್‌ನಲ್ಲಿ ಅದು ಟ್ಯಾಬ್‌ನ ಕೆಲಸ. ಮುಂದಿನ ಮನೆಗೆ ಒಯ್ಯುವ ಕೀಲಿಗಳ ಪಟ್ಟಿಗೆ ಎಂಟರನ್ನೂ ಸೇರಿಸಬೇಕು, ನಾಳೆ.