ಕಡಲೂರಿನಲ್ಲಿ ಎರಡು ದಿನ

ಊರನ್ನು ನೋಡುವುದು ಬೇರೆ, ಊರಿನವರಲ್ಲಿ ಒಬ್ಬರಾಗಿ ಇರುವುದು ಬೇರೆ. ಮೊದಲನೆಯದಕ್ಕೆ ಕಣ್ಣಿದ್ದರೆ ಸಾಕು. ಎರಡನೆಯದಕ್ಕೆ ಆತಿಥೇಯರ ಅಂತಃಕರಣವೂ ಬೇಕು. ಬಯಲುಸೀಮೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕನ್ನಡವನ್ನು ಬೋಧಿಸಿ ನಿವೃತ್ತರಾದ ಪಂಡಿತರೊಬ್ಬರಿಗೆ ಮಂಗಳೂರಿನಲ್ಲಿ ಕಳೆದ ಒಂದು ಶನಿವಾರ, ಒಂದು ಭಾನುವಾರ ಇವೆರಡನ್ನೂ ಒದಗಿಸಿದವು.

ಕರೆದಿದ್ದವನು ಹಳೆಯ ಶಿಷ್ಯ. ಅವನ ತಂದೆ ಕರಾವಳಿಯಿಂದ ಬಂದು ಪಂಡಿತರ ಊರಿನಲ್ಲಿ ಹೋಟೆಲು ಇಟ್ಟಿದ್ದರು. ಮನೆಮಾತು ತುಳು. ಎಂಟನೆಯ ತರಗತಿಯಲ್ಲಿ ಒಂದು ದಿನ ಆ ಹುಡುಗ ‘ಏನು’ ಎನ್ನುವ ಕಡೆ ‘ಎಂತ’ ಎಂದುದಕ್ಕೆ ಪಂಡಿತರು, “ಇದು ಕನ್ನಡವೋ, ಕಡಲಿನ ಮೊರೆತವೋ?” ಎಂದು ಪರಿಹಾಸ ಮಾಡಿದ್ದರು. ತರಗತಿಯೆಲ್ಲ ನಕ್ಕಿತು. ಬಾಲಕನು ಆಮೇಲೆ ಬಹುದಿನ ಬಾಯಿ ತೆರೆಯಲಿಲ್ಲ. ನಕ್ಕವರೆಲ್ಲ ಮರೆತರು, ನಗಿಸಿದವರು ಮಾತ್ರ ಮರೆಯಲಿಲ್ಲ. ಅದೇ ಹುಡುಗನೇ ಈಗ ಮಂಗಳೂರಿನ ಶಾಲೆಯೊಂದರಲ್ಲಿ ಕನ್ನಡದ ಅಧ್ಯಾಪಕ.

ರಾತ್ರಿಯ ಬಸ್ಸು ಘಟ್ಟವಿಳಿದು ಬೆಳಗಾಗುವಾಗ ಹಂಚಿನ ಮಾಡುಗಳೂ ತೆಂಗಿನ ತಲೆಗಳೂ ಕಾಣಿಸಿಕೊಂಡವು. ಹಂಪನಕಟ್ಟೆಯಲ್ಲಿ ಹಣ್ಣಿನ ವ್ಯಾಪಾರಿಯೊಬ್ಬನು ತನ್ನ ಆಳಿನೊಡನೆ ತುಳುವಿನಲ್ಲಿ ಮಾತನಾಡುತ್ತಿದ್ದನು; ಪಂಡಿತರು ದಾರಿ ಕೇಳಿದೊಡನೆ ಕನ್ನಡಕ್ಕೆ ತಿರುಗಿ, ಅಂಗಡಿಯಿಂದ ಇಳಿದು ಬಂದು, ತಿರುವಿನವರೆಗೂ ಜೊತೆಗೆ ನಡೆದನು. ಮನೆಯಲ್ಲಿ ನೀರುದೋಸೆಯ ಉಪಾಹಾರವಾದ ಮೇಲೆ ಶಿಷ್ಯನು ಗುರುಗಳನ್ನು ತನ್ನ ಶಾಲೆಗೆ ಕರೆದೊಯ್ದನು. ಅಂದು ಅರ್ಧ ದಿನದ ಪಾಠ. ಅವನು ಮಕ್ಕಳನ್ನು, “ನಿಮ್ಮ ಮನೆಯಲ್ಲಿ ತಾಯಿಗೆ ಏನೆನ್ನುತ್ತೀರಿ?” ಎಂದು ಕೇಳಿದನು. ಒಬ್ಬಳು ‘ಅಪ್ಪೆ’ ಎಂದಳು, ಒಬ್ಬನು ‘ಆವಯ್’ ಎಂದನು, ಮತ್ತೊಬ್ಬಳು ‘ಉಮ್ಮ’ ಎಂದಳು. ತುಳು, ಕೊಂಕಣಿ, ಬ್ಯಾರಿ ಮೂರೂ ಕರಿಹಲಗೆಯ ಮೇಲೆ ಕನ್ನಡ ಲಿಪಿಯಲ್ಲಿ ಸಾಲಾಗಿ ನಿಂತವು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಪಂಡಿತರು ತಲೆ ತಗ್ಗಿಸಿದರು.

ಕರಾವಳಿಯವರ ಕನ್ನಡ ಪುಸ್ತಕದ ಕನ್ನಡವೆಂದು ಘಟ್ಟದ ಮೇಲಿನವರು ಹಾಸ್ಯ ಮಾಡುವುದುಂಟು. ಅಲ್ಲಿಯ ಬಹುಮಂದಿಗೆ ಅದು ತೊಟ್ಟಿಲಿನಲ್ಲಿ ದೊರೆತ ಮಾತಲ್ಲ, ಶಾಲೆಯಲ್ಲಿ ದುಡಿದು ಸಂಪಾದಿಸಿದ ಮಾತು ಎಂಬುದನ್ನು ಹಾಸ್ಯಗಾರರು ಎಣಿಸುವುದಿಲ್ಲ.

ಮಧ್ಯಾಹ್ನ ಕದ್ರಿಯ ಮಂಜುನಾಥ ದೇವಾಲಯಕ್ಕೆ ಹೋದರು. ಆಳುಪ ದೊರೆ ಕುಂದವರ್ಮನ ಕಾಲದ, 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿ ಅಲ್ಲಿದೆ. ವಿದ್ವಾಂಸರು ಬೌದ್ಧಲಕ್ಷಣಗಳನ್ನು ಗುರುತಿಸುವ ಆ ಮೂರ್ತಿಗೆ ಶಿವಾಲಯದಲ್ಲಿ ಇಂದಿಗೂ ಪೂಜೆಯುಂಟು. ಮುಂದೆ ಬಲ್ಮಠದ ದಾರಿಯಲ್ಲಿ ಶಿಷ್ಯನು ಬಾಸೆಲ್ ಮಿಶನ್ನಿನ ಅಚ್ಚುಕೂಟದ ಸಂಗತಿಯನ್ನು ತೆಗೆದನು. ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗರು 1843ರಲ್ಲಿ ಹೊರಡಿಸಿದ್ದು ಈ ಊರಿನಲ್ಲಿ, ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಬೆಳಕು ಕಂಡದ್ದೂ ಈ ಊರಿನಿಂದಲೇ. ಆ ನಿಘಂಟನ್ನು ಪಂಡಿತರು ವೃತ್ತಿಯುದ್ದಕ್ಕೂ ಕೈಗೆ ಎಟಕುವಂತೆ ಇಟ್ಟುಕೊಂಡಿದ್ದರು. ಅದನ್ನು ರಚಿಸಿದವರ ಮನೆಮಾತು ಕನ್ನಡವಲ್ಲ. ಅದು ಹೊರಬಂದ ಊರಿನ ಬಹುಮಂದಿಯ ಮನೆಮಾತೂ ಕನ್ನಡವಲ್ಲ. ಆ ಋಣವನ್ನು ಉಂಡವರೇ ಒಬ್ಬ ಬಾಲಕನ ಬಾಯಿ ಕಟ್ಟಿದ್ದರು!

ಭಾನುವಾರ ಸಂಜೆ ಸೋಮೇಶ್ವರದ ಕಡಲ ತೀರ. ಬಂಡೆಗಳಿಗೆ ಅಪ್ಪಳಿಸುವ ತೆರೆಗಳನ್ನು ನೋಡುತ್ತ ಪಂಡಿತರು ಬಹುಹೊತ್ತು ಮೌನವಾಗಿದ್ದರು. ಕೊನೆಗೆ, “ಅಪ್ಪಾ, ಅಂದು ಕಡಲಿನ ಮೊರೆತವೆಂದು ನಿನ್ನನ್ನು ಹಳಿದಾಗ ನಾನು ಕಡಲನ್ನೇ ಕಂಡಿರಲಿಲ್ಲ. ನಿನ್ನ ‘ಎಂತ’ವೂ ನಾನು ಪಾಠ ಹೇಳುತ್ತಿದ್ದ ಹಳಗನ್ನಡದ ‘ಎಂತು’ವೂ ಒಂದೇ ಕುಲದವು. ತಿಳಿದೂ ತಿಳಿಯದವನಾದೆ. ತಪ್ಪು ನನ್ನದು” ಎಂದರು.

ಶಿಷ್ಯನು ಮರೆತಂತೆ ನಟಿಸಲಿಲ್ಲ. “ನೆನಪಿದೆ, ಗುರುಗಳೇ. ಬಹಳ ದಿನ ನೊಂದಿದ್ದೆ. ಆದರೆ ಹಳಗನ್ನಡದ ರುಚಿ ಹತ್ತಿಸಿದವರೂ ನೀವೇ. ನಿಮ್ಮಿಂದ ಕಲಿಸುವುದನ್ನು ಕಲಿತೆ; ಆ ಒಂದು ದಿನದಿಂದ ಹೇಗೆ ಕಲಿಸಬಾರದೆಂಬುದನ್ನೂ ಕಲಿತೆ” ಎಂದನು. ಗುರುಗಳ ಕಣ್ಣು ಹನಿಗೂಡಿತು. ಸೂರ್ಯ ಮುಳುಗುವವರೆಗೆ ಇಬ್ಬರೂ ಅಲ್ಲಿಯೇ ಕುಳಿತಿದ್ದರು.

ರಾತ್ರಿ ಬಸ್ಸು ಹೊರಡುವಾಗ ಶಿಷ್ಯನ ಮಡದಿ ಕಟ್ಟಿಕೊಟ್ಟ ಬುತ್ತಿ ಮಡಿಲಲ್ಲಿತ್ತು. ಪಕ್ಕದ ಆಸನದ ತರುಣನು, “ಎಂತ ಸರ್, ಕಿಟಕಿ ಮುಚ್ಚಬೇಕಾ?” ಎಂದು ಕೇಳಿದನು. “ಎಂತ ಬೇಡಪ್ಪಾ, ಗಾಳಿ ಹಿತವಾಗಿದೆ” ಎಂದರು ಪಂಡಿತರು.

ಅತಿಥಿಗಾಗಿ ತನ್ನ ಮಾತನ್ನು ಬದಿಗಿಟ್ಟು ಅವನ ಮಾತನ್ನು ಆಡುವುದಕ್ಕಿಂತ ದೊಡ್ಡ ಸತ್ಕಾರವಿಲ್ಲ. ಪಾಠಶಾಲೆಗೆ ಬರುವ ಪ್ರತಿಯೊಂದು ಮಗುವೂ ಅಂತಹ ಅತಿಥಿಯೇ. ಅದು ತನ್ನ ಮನೆಯಿಂದ ತಂದ ಮಾತನ್ನು ಬಾಗಿಲಲ್ಲಿಯೇ ತಡೆಯದೆ ಒಳಗೆ ಕರೆದು ಕುಳ್ಳಿರಿಸುವವನೇ ಗುರು.